ಚಪ್ಪಾಳೆಯಲ್ಲಿ ಮುಗಿದ ಕತೆ

1996ರ ಮಾರ್ಚ್ 27, ಬುಧವಾರ. ಸಂಜೆ ಆರೂವರೆಗೆ ಟಿವಿ ಟೋಕಿಯೊ ವಾಹಿನಿಯಲ್ಲಿ 'ನಿಯಾನ್ ಜೆನೆಸಿಸ್ ಇವಾಂಜೆಲಿಯನ್' ಎಂಬ ಅನಿಮೆ ಧಾರಾವಾಹಿಯ 26ನೆಯ ಕಂತು, ಅಂದರೆ ಕೊನೆಯ ಕಂತು, ಪ್ರಸಾರವಾಯಿತು. ಹಿಂದಿನ ವರ್ಷದ ಅಕ್ಟೋಬರ್ 4ರಿಂದ ವಾರಕ್ಕೊಂದು ಕಂತಿನಂತೆ ಅದನ್ನು ನೋಡುತ್ತ ಬಂದವರ ಬಳಿ ಪ್ರಶ್ನೆಗಳ ಒಂದು ದೊಡ್ಡ ಗಂಟೇ ಇತ್ತು. ಆಕಾಶದಿಂದಲೂ ಕಡಲಿನಿಂದಲೂ ಎದ್ದುಬಂದು ನಗರವನ್ನು ತುಳಿಯುವ 'ದೇವದೂತ'ರು ಯಾರು? ಅವರನ್ನು ಎದುರಿಸಲು 14 ವರ್ಷದ ಮಕ್ಕಳೇ ಯಾಕೆ ಬೇಕು? ಮಗನನ್ನು ವರ್ಷಗಟ್ಟಲೆ ದೂರವಿಟ್ಟು, ಒಂದು ದಿನ ದಿಢೀರನೆ ಕರೆಸಿ ಯುದ್ಧಕ್ಕೆ ನೂಕುವ ಅಪ್ಪನ ಮನಸ್ಸಿನಲ್ಲಿ ಏನಿದೆ? ಮನುಷ್ಯರ ಆತ್ಮಗಳನ್ನೆಲ್ಲ ಕರಗಿಸಿ ಒಂದಾಗಿಸುವ ಆ ಗುಪ್ತ ಯೋಜನೆ ನಡೆಯುತ್ತದೋ, ತಪ್ಪುತ್ತದೋ?

ಹೊರನೋಟಕ್ಕೆ ಇದು ಭಾರೀ ಯಂತ್ರಮಾನವರ ಕತೆ. ಒಳಹೊಕ್ಕು ನೋಡಿದರೆ ಪುರಾಣ. ಯಂತ್ರಗಳೆಂದು ತೋರುವವು ಯಂತ್ರಗಳಲ್ಲ, ಕವಚ ತೊಟ್ಟ ಮಾಂಸದ ಜೀವಿಗಳು. ಹುಡುಗ ಶಿಂಜಿ ಏರಿ ಕೂರುವ ಜೀವಿಯೊಳಗೆ ಅವನ ತಾಯಿಯ ಆತ್ಮವಿದೆ. ಆಡಮ್, ಲಿಲಿತ್, ಶಿಲುಬೆ, ಯಹೂದಿ ಅನುಭಾವದ ಚಿಹ್ನೆಗಳು ಕತೆಯ ತುಂಬ ಚೆಲ್ಲಿಕೊಂಡಿವೆ. ಇಷ್ಟೆಲ್ಲ ಹರಡಿದ ಮೇಲೆ ಕೊನೆಯಲ್ಲಿ ಒಂದು ಮಹಾಯುದ್ಧ ಇದ್ದೇ ಇರುತ್ತದೆ ಎಂದು ಯಾರೇ ಆದರೂ ನಂಬುತ್ತಾರೆ.

ಯುದ್ಧ ಬರಲಿಲ್ಲ. 25 ಮತ್ತು 26ನೆಯ ಕಂತುಗಳು ಪೂರ್ತಿಯಾಗಿ ಪಾತ್ರಗಳ ಮನಸ್ಸಿನೊಳಗೆ ನಡೆದವು. ಕತ್ತಲೆಯಲ್ಲಿ ಒಂದು ಕುರ್ಚಿ, ಅದರ ಮೇಲೊಂದು ಬೆಳಕು, ಕೂತವರಿಗೆ ಪ್ರಶ್ನೆಗಳು: ನೀನು ಯಾಕೆ ಹೋರಾಡುತ್ತೀಯ, ಯಾರಿಗೆ ಬೇಕಾಗಿದ್ದೀಯ, ನಿನಗೆ ನೀನು ಯಾರು. ಹಿಂದಿನ ಕಂತುಗಳ ತುಣುಕುಗಳು ಮತ್ತೆ ಬಂದವು. ಬಣ್ಣ ತುಂಬದ ಪೆನ್ಸಿಲ್ ಗೆರೆಗಳು ಬಂದವು, ಛಾಯಾಚಿತ್ರಗಳು ಬಂದವು, ಚಿತ್ರಕತೆಯ ಹಾಳೆಗಳೂ ಬಂದವು. ಹೊರಗಿನ ಲೋಕದಲ್ಲಿ ಮುಖ್ಯ ಪಾತ್ರಗಳಿಬ್ಬರು ಸತ್ತುಬಿದ್ದಿರುವ ನೋಟ ಒಂದೆರಡು ಕ್ಷಣ ಕಂಡು ಮಾಯವಾಯಿತು. ಅವರು ಹೇಗೆ ಸತ್ತರೆಂದು ಯಾರೂ ಹೇಳಲಿಲ್ಲ. ಕಡೆಗೆ ಶಿಂಜಿ, ತಾನು ಇಲ್ಲಿ ಇರಬಹುದು ಎಂಬ ಅರಿವಿಗೆ ಬರುತ್ತಾನೆ. ಅವನನ್ನು ಸುತ್ತುವರಿದ ಎಲ್ಲ ಪಾತ್ರಗಳೂ ಚಪ್ಪಾಳೆ ತಟ್ಟಿ ಒಬ್ಬೊಬ್ಬರಾಗಿ ಅಭಿನಂದಿಸುತ್ತಾರೆ. ಅವನೂ ನಗುತ್ತಾನೆ. ಅಲ್ಲಿಗೆ ಮಂಗಳ.

ನೋಡುಗರ ಸಿಟ್ಟು ದೊಡ್ಡದಾಗಿತ್ತು. ಅನಿಮೆಯ ಇತಿಹಾಸದಲ್ಲಿ ನಿರಾಶೆ ತಂದ ಕೊನೆಯ ಕಂತುಗಳ ಮಾತು ಬಂದಾಗಲೆಲ್ಲ ಇಂದಿಗೂ ಮೊದಲು ನೆನಪಾಗುವುದು ಇದೇ. ಈ ನಿರಾಶೆಗೆ ಎರಡು ಸಿದ್ಧ ವಿವರಣೆಗಳು ಚಲಾವಣೆಯಲ್ಲಿವೆ. ಒಂದು, ಹಣ ಮುಗಿದಿತ್ತು. ಇನ್ನೊಂದು, ನಿರ್ದೇಶಕ ಹಿದೆಯಾಕಿ ಅನ್ನೊ ಮೇಧಾವಿ, ಅದು ಜನಕ್ಕೆ ಅರ್ಥವಾಗಲಿಲ್ಲ. ಮೊದಲನೆಯದು ಕಲೆಯನ್ನು ಲೆಕ್ಕದ ಪುಸ್ತಕಕ್ಕೆ ಇಳಿಸುತ್ತದೆ, ಎರಡನೆಯದು ಲೆಕ್ಕದ ಪುಸ್ತಕವನ್ನೇ ಮುಚ್ಚಿಡುತ್ತದೆ. ಚರಿತ್ರೆಯ ವಿದ್ಯಾರ್ಥಿಗೆ ಎರಡೂ ಸಾಲವು. ಒಂದು ಕಂತನ್ನು ತೀರ್ಪಿಗಾಗಿ ನೋಡುವ ಬದಲು ದಾಖಲೆಯಂತೆ ಓದಿದರೆ, ಅದು ಯಾವ ಕೈಗಳಲ್ಲಿ, ಎಷ್ಟು ಸಮಯದಲ್ಲಿ, ಯಾರ ಹಂಗಿನಲ್ಲಿ ತಯಾರಾಯಿತು ಎಂಬುದು ಅದರ ಮೈಮೇಲೇ ಕಾಣಿಸುತ್ತದೆ. ಇವಾಂಜೆಲಿಯನ್‌ನ ಕೊನೆಯ ಕಂತಿನಲ್ಲಂತೂ ಅದು ಮುಚ್ಚುಮರೆಯಿಲ್ಲದೆ ಕಾಣಿಸುತ್ತದೆ.

ಇದನ್ನು ಅರಿಯಲು ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು. 1963ರ ಜನವರಿ 1ರಂದು ಒಸಾಮು ತೆಜುಕಾ ಅವರ ಮುಶಿ ಪ್ರೊಡಕ್ಷನ್ ತಯಾರಿಸಿದ 'ತೆತ್ಸುವಾನ್ ಆಟಮ್' ಫ್ಯೂಜಿ ಟೆಲಿವಿಷನ್‌ನಲ್ಲಿ ಶುರುವಾಯಿತು. ಹೊರದೇಶಗಳಿಗೆ ಅದು 'ಆಸ್ಟ್ರೊ ಬಾಯ್' ಎಂದು ಪರಿಚಯ. ವಾರಕ್ಕೆ ಅರ್ಧ ಗಂಟೆಯ ಅನಿಮೇಷನ್ ಎಂದರೆ ಆ ಕಾಲಕ್ಕೆ ಆಗದ ಮಾತು. ಸಿನಿಮಾದ ಒಂದು ಸೆಕೆಂಡಿಗೆ 24 ಚೌಕಟ್ಟುಗಳು. ಅಷ್ಟಕ್ಕೂ ಬೇರೆ ಬೇರೆ ಚಿತ್ರ ಬಿಡಿಸುತ್ತ ಕೂತರೆ ವಾರ ಸಾಲದು. ಆದ್ದರಿಂದ ಒಂದೇ ಚಿತ್ರವನ್ನು ಮೂರು ಚೌಕಟ್ಟುಗಳಿಗೆ ಹಿಡಿದಿಡುವುದು, ಮುಖ ಅಲ್ಲಾಡಿಸದೆ ಬಾಯಿ ಮಾತ್ರ ಆಡಿಸುವುದು, ಒಮ್ಮೆ ಬಿಡಿಸಿದ ಚಲನೆಯನ್ನು ಕಾಪಿಟ್ಟು ಮತ್ತೆ ಮತ್ತೆ ಬಳಸುವುದು, ಇಂಥ ಉಪಾಯಗಳು ರೂಢಿಗೆ ಬಂದವು. ಬಡತನದ ಈ ಉಪಾಯಗಳೇ ಕ್ರಮೇಣ ಒಂದು ಶೈಲಿಯಾದವು. ತೊಂಬತ್ತರ ದಶಕದ ಭಾನುವಾರದ ಬೆಳಿಗ್ಗೆ ನಮ್ಮ ಮನೆಗಳ ದೂರದರ್ಶನದಲ್ಲಿ ಹಿಂದಿಯಲ್ಲಿ ಬರುತ್ತಿದ್ದ ಮೋಗ್ಲಿಯ 'ಜಂಗಲ್ ಬುಕ್' ಕೂಡ ಇದೇ ವಾರದ ವ್ಯವಸ್ಥೆಯ ಕೂಸು. 1989ರಲ್ಲಿ ಅದನ್ನು ತಯಾರಿಸಿದ್ದು ಜಪಾನಿನ ನಿಪ್ಪಾನ್ ಅನಿಮೇಷನ್.

ಆಟಮ್ 193 ಕಂತು ನಡೆಯಿತು. 1966ರ ಡಿಸೆಂಬರ್ 31ರಂದು ಪ್ರಸಾರವಾದ ಕೊನೆಯ ಕಂತಿನಲ್ಲಿ ಭೂಮಿಯನ್ನು ಉಳಿಸಲು ಪುಟ್ಟ ನಾಯಕ ಸೂರ್ಯನೊಳಕ್ಕೆ ಹಾರಿಹೋಗುತ್ತಾನೆ. ಟಿವಿ ಅನಿಮೆ ತನ್ನ ಮೊದಲ ದೊಡ್ಡ ಮುಕ್ತಾಯದಲ್ಲೇ ಮಕ್ಕಳನ್ನು ಅಳಿಸಿತು. ಆದರೂ ಅದೊಂದು ಪೂರ್ಣವಾದ ಅಂತ್ಯ, ತಯಾರಿಸಿದವರು ಯೋಚಿಸಿ ಹಾಕಿದ ಪೂರ್ಣವಿರಾಮ. ಎಲ್ಲ ಕತೆಗಳಿಗೂ ಆ ಭಾಗ್ಯ ಸಿಗಲಿಲ್ಲ.

1979ರ ಏಪ್ರಿಲ್‌ನಲ್ಲಿ ಆರಂಭವಾದ 'ಮೊಬೈಲ್ ಸೂಟ್ ಗುಂಡಮ್' 52 ಕಂತುಗಳ ಯೋಜನೆ. ಪ್ರಾಯೋಜಕರು ಆಟಿಕೆ ಕಂಪನಿಯವರು. ಆಟಿಕೆ ನಿರೀಕ್ಷೆಯಂತೆ ಮಾರಾಟವಾಗಲಿಲ್ಲ, ಧಾರಾವಾಹಿ 43ಕ್ಕೆ ನಿಂತಿತು. ಅದೇ ನಿರ್ದೇಶಕ ಯೊಶಿಯುಕಿ ತೊಮಿನೊ 1980ರಲ್ಲಿ ಶುರುಮಾಡಿದ 'ಇಡಿಯಾನ್' ಇನ್ನೂ ಕೆಟ್ಟದಾಗಿ ತುಂಡಾಯಿತು. 43 ಕಂತುಗಳ ಬದಲು 39ಕ್ಕೇ, ಕತೆಯ ನಡುವೆಯೇ, ಪರದೆ ಎಳೆದರು. ಅಂದರೆ ಕತೆ ಯಾವಾಗ ಮುಗಿಯಬೇಕೆಂದು ತೀರ್ಮಾನಿಸುತ್ತಿದ್ದದ್ದು ಕತೆಗಾರನಲ್ಲ, ಅಂಗಡಿಯ ಕಪಾಟು. ಆದರೆ ಈ ಎರಡೂ ಪ್ರಸಂಗಗಳು ಇನ್ನೊಂದು ಪಾಠವನ್ನೂ ಕಲಿಸಿದವು. ಗುಂಡಮ್ ಕಂತುಗಳನ್ನು ಜೋಡಿಸಿ, ಹೊಸ ದೃಶ್ಯ ಸೇರಿಸಿ 1981–82ರಲ್ಲಿ ಮೂರು ಸಿನಿಮಾ ಮಾಡಿದಾಗ ಜನ ಮುಗಿಬಿದ್ದರು. ಇಡಿಯಾನ್‌ಗೂ 1982ರಲ್ಲಿ ಸಿನಿಮಾದ ಮೂಲಕ ನಿಜವಾದ ಅಂತ್ಯ ಸಿಕ್ಕಿತು. ಟಿವಿಯಲ್ಲಿ ಕೆಟ್ಟ ಕೊನೆಯನ್ನು ಥಿಯೇಟರಿನಲ್ಲಿ ರಿಪೇರಿ ಮಾಡಬಹುದು, ಅದಕ್ಕೆ ನೋಡುಗರು ಟಿಕೆಟ್ ಕೊಂಡು ಬರುತ್ತಾರೆ ಎಂಬುದು ಉದ್ಯಮಕ್ಕೆ ತಿಳಿಯಿತು. ಹಿದೆಯಾಕಿ ಅನ್ನೊ ಇಂಥ ಕತೆಗಳನ್ನು ನೋಡುತ್ತ ಬೆಳೆದ ಪೀಳಿಗೆಯವರು.

ಅನ್ನೊ ಹುಟ್ಟಿದ್ದು 1960ರಲ್ಲಿ, ಯಾಮಾಗುಚಿ ಪ್ರಾಂತದ ಉಬೆ ಪಟ್ಟಣದಲ್ಲಿ. ಹಯಾವೊ ಮಿಯಾಜಾಕಿಯವರ 'ನೌಸಿಕಾ' ಸಿನಿಮಾದಲ್ಲಿ ಕರಗುತ್ತ ಬೆಂಕಿಯುಗುಳುವ ದೈತ್ಯನ ದೃಶ್ಯ ಬಿಡಿಸಿ ಹೆಸರು ಮಾಡಿದವರು. 1984ರಲ್ಲಿ ಅಭಿಮಾನಿ ಹುಡುಗರ ಗುಂಪೊಂದು ಕಟ್ಟಿದ ಗೈನಾಕ್ಸ್ ಸ್ಟುಡಿಯೊದಲ್ಲಿ ಅವರಿದ್ದರು. 1990–91ರಲ್ಲಿ ಎನ್‌ಎಚ್‌ಕೆಗಾಗಿ 'ನಾಡಿಯಾ' ಧಾರಾವಾಹಿಯನ್ನು ನಿರ್ದೇಶಿಸಿ ಬಳಲಿದರು. ಆಮೇಲಿನ ನಾಲ್ಕು ವರ್ಷ ತಾನು ಏನೂ ಮಾಡಲಾಗದೆ ಕುಸಿದಿದ್ದೆ ಎಂದು ಇವಾಂಜೆಲಿಯನ್ ಶುರುವಾಗುವ ಮೊದಲೇ ಬರೆದುಕೊಂಡಿದ್ದರು. ಆ ಧಾರಾವಾಹಿ ಬಂದ ವರ್ಷವೂ ಸಾಮಾನ್ಯದ್ದಲ್ಲ. 1995ರ ಜನವರಿ 17ರಂದು ಕೋಬೆ ಭೂಕಂಪ ಆರು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮಾರ್ಚ್ 20ರಂದು ಓಮ್ ಶಿನ್ರಿಕ್ಯೊ ಪಂಥದವರು ಟೋಕಿಯೊ ಮೆಟ್ರೊದಲ್ಲಿ ಸರಿನ್ ವಿಷಾನಿಲ ಬಿಟ್ಟರು. ಲೋಕಾಂತ್ಯ ಮತ್ತು ಸಾಮೂಹಿಕ ಮುಕ್ತಿಯ ಕತೆ ಹೇಳಲು ಅದಕ್ಕಿಂತ ಸೂಕ್ಷ್ಮವಾದ ಹೊತ್ತು ಇರಲಿಲ್ಲ.

ಜಪಾನಿನ ಟಿವಿ ವರ್ಷವನ್ನು ಹದಿಮೂರು ಹದಿಮೂರು ವಾರಗಳ ತುಂಡುಗಳಾಗಿ ಕತ್ತರಿಸಲಾಗುತ್ತದೆ. ಇವಾಂಜೆಲಿಯನ್‌ಗೆ ಸಿಕ್ಕಿದ್ದು ಎರಡು ತುಂಡು, 26 ವಾರ. ನಡುವೆ ನಿಲ್ಲುವಂತಿಲ್ಲ. ಕತೆ ಮುಂದುವರಿದಂತೆ ಅನ್ನೊ ಚಿತ್ರಕತೆಯನ್ನು ತಿದ್ದುತ್ತಲೇ ಹೋದರು. ತಿದ್ದಿದಷ್ಟೂ ಬಿಡಿಸುವವರಿಗೆ ದಿನಗಳು ಕಡಿಮೆಯಾದವು. 25ನೆಯ ಕಂತಿಗೆ ಬರೆದಿದ್ದ ಮೂಲ ಚಿತ್ರಕತೆಯನ್ನು ಆ ಅವಧಿಯೊಳಗೆ ಮಾಡಲಾಗದೆ ಬದಿಗಿಡಬೇಕಾಯಿತು.

ಹಾಗಾದರೆ ಸಮಯ ಸಾಲದ್ದೇ ನಿರಾಶೆಗೆ ಕಾರಣವೇ? ಇಲ್ಲೊಂದು ತೊಡಕಿದೆ. 22ನೆಯ ಕಂತಿನಲ್ಲಿ ಇಬ್ಬರು ಹುಡುಗಿಯರು ಲಿಫ್ಟಿನೊಳಗೆ ಮಾತಿಲ್ಲದೆ ನಿಂತಿರುವ ಒಂದೇ ಚಿತ್ರ ಸುಮಾರು ಒಂದು ನಿಮಿಷ ಅಲುಗದೆ ನಿಲ್ಲುತ್ತದೆ. 24ನೆಯ ಕಂತಿನಲ್ಲಿ ಶಿಂಜಿ ತನ್ನನ್ನು ಪ್ರೀತಿಸಿದವನನ್ನೇ ಮುಷ್ಟಿಯಲ್ಲಿ ಹಿಡಿದು ಕೊಲ್ಲುವ ಮೊದಲು ಚಿತ್ರ ಇನ್ನೂ ಹೆಚ್ಚು ಹೊತ್ತು ಸ್ತಬ್ಧವಾಗುತ್ತದೆ. ಇವೂ ಗೆರೆ ಉಳಿಸುವ ಉಪಾಯಗಳೇ. ಆದರೆ ಇವನ್ನು ಯಾರೂ ಬೈಯಲಿಲ್ಲ, ಉಸಿರು ಬಿಗಿಹಿಡಿದು ನೋಡಿದರು. ಅಂದರೆ ಚಿತ್ರ ಅಲುಗಲಿಲ್ಲ ಎಂಬುದು ಜನರ ದೂರಲ್ಲ. ಲಿಫ್ಟಿನ ದೃಶ್ಯದಲ್ಲಿ ಸ್ತಬ್ಧತೆಯ ಆಚೆ ಕತೆ ಕಾಯುತ್ತಿತ್ತು. ಕೊನೆಯ ಎರಡು ಕಂತುಗಳಲ್ಲಿ ಸ್ತಬ್ಧತೆಯೇ ಉಳಿದು, ಕತೆ ಹೊರಗೆಲ್ಲೋ ನಡೆದುಹೋಯಿತು. ಲೋಕಕ್ಕೆ ಏನಾಯಿತು ಎಂದು ನೋಡುಗ ಕೇಳುತ್ತಿದ್ದ. ಈ ಹುಡುಗನಿಗೆ ಏನಾಯಿತು ಎಂದು ಮಾತ್ರ ನಿರ್ದೇಶಕ ಉತ್ತರಿಸಿದರು. ಕಾಲದ ಅಭಾವ ಆ ಉತ್ತರಕ್ಕೆ ರೂಪ ಕೊಟ್ಟಿತು, ಆದರೆ ಉತ್ತರ ಅವರದ್ದೇ.

ನೋಡುಗರ ಸಿಟ್ಟಿನಲ್ಲಿ ನ್ಯಾಯವಿತ್ತು ಎಂದೇ ನನ್ನ ಎಣಿಕೆ. ಒಗಟು ಹೂಡಿದವನಿಗೆ ಅದನ್ನು ಬಿಡಿಸುವ ಋಣವಿರುತ್ತದೆ. ವಾರಪತ್ರಿಕೆಗಳಲ್ಲಿ ಧಾರಾವಾಹಿ ಕಾದಂಬರಿ ಓದಿದ ಕನ್ನಡದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದಿನ ವಾರಕ್ಕೆ ಎಂಬ ಸಾಲು ಒಂದು ಬಗೆಯ ಸಾಲಪತ್ರ. ಕಾದವರು ತಮ್ಮ ಕಾಲವನ್ನು ಮುಂಗಡವಾಗಿ ಕೊಟ್ಟಿರುತ್ತಾರೆ. ಇವಾಂಜೆಲಿಯನ್ 24 ವಾರ ಒಂದು ನಾಣ್ಯದಲ್ಲಿ ಸಾಲ ತೆಗೆದು, ಕೊನೆಗೆ ಬೇರೊಂದು ನಾಣ್ಯದಲ್ಲಿ ತೀರಿಸಲು ಬಂತು.

ಗುಂಡಮ್ ತೋರಿಸಿದ ದಾರಿ ಹೇಗೂ ಇತ್ತು. 1997ರ ಮಾರ್ಚ್ 15ಕ್ಕೆ ಹೊಸ ಅಂತ್ಯವಿರುವ ಸಿನಿಮಾ ಎಂದು ಘೋಷಣೆಯಾಯಿತು. ಅದೂ ಹೊತ್ತಿಗೆ ಮುಗಿಯಲಿಲ್ಲ. ಹಳೆಯ ಕಂತುಗಳ ಸಂಗ್ರಹಕ್ಕೆ ಹೊಸ ಕತೆಯ ಆರಂಭವನ್ನಷ್ಟೇ ಅಂಟಿಸಿ ಬಿಡುಗಡೆ ಮಾಡಿದರು. ಪೂರ್ತಿ ಸಿನಿಮಾ 'ದ ಎಂಡ್ ಆಫ್ ಇವಾಂಜೆಲಿಯನ್' ಬಂದದ್ದು ಜುಲೈ 19ಕ್ಕೆ. ಜನ ಕೇಳಿದ್ದೆಲ್ಲ ಅದರಲ್ಲಿತ್ತು: ಯುದ್ಧ, ರಕ್ತ, ಗುಪ್ತ ಯೋಜನೆಯ ಪೂರ್ಣ ರೂಪ, ಲೋಕಾಂತ್ಯ. ಆದರೆ ಅದೊಂದು ಸಮಾಧಾನದ ಕಾಣಿಕೆಯಾಗಿರಲಿಲ್ಲ. ಸಿನಿಮಾದ ನಡುವೆ ಅನಿಮೇಷನ್ ನಿಂತು ನಿಜವಾದ ಚಿತ್ರೀಕರಣ ಬರುತ್ತದೆ. ಥಿಯೇಟರಿನ ಸಾಲುಗಳಲ್ಲಿ ಕೂತ ಪ್ರೇಕ್ಷಕರು ತೆರೆಯ ಮೇಲೆ ಕಾಣುತ್ತಾರೆ. ಸಿಟ್ಟಿನ ಸಂದೇಶಗಳು ಕ್ಷಣಕಾಲ ಮಿನುಗಿ ಹೋಗುತ್ತವೆ. ನೋಡಲು ಬಂದವರನ್ನೇ ಕನ್ನಡಿಯ ಮುಂದೆ ನಿಲ್ಲಿಸಿದ ಹಾಗಿತ್ತು. ಟಿವಿಯ ಕೊನೆ ಚಪ್ಪಾಳೆಯಲ್ಲಿ ಮುಗಿದಿದ್ದರೆ, ಸಿನಿಮಾದ ಕೊನೆಯಲ್ಲಿ ಕೆಂಪು ಕಡಲಿನ ದಡದಲ್ಲಿ ಇಬ್ಬರು ಮಕ್ಕಳು ಉಳಿಯುತ್ತಾರೆ, ಒಬ್ಬನ ಕೈ ಇನ್ನೊಬ್ಬಳ ಕುತ್ತಿಗೆಯ ಮೇಲೆ.

ನಿರಾಶೆಯ ನಡುವೆಯೂ ವ್ಯಾಪಾರ ಬೆಳೆಯಿತು ಎಂಬುದು ಈ ಚರಿತ್ರೆಯ ವಿಚಿತ್ರ. 1997ರಲ್ಲಿ ಧಾರಾವಾಹಿಯನ್ನು ತಡರಾತ್ರಿ ಮರುಪ್ರಸಾರ ಮಾಡಿದಾಗ ದೊಡ್ಡವರು ನಿದ್ದೆಗೆಟ್ಟು ನೋಡಿದರು. ಮಕ್ಕಳಿಗಲ್ಲದ ಅನಿಮೆಗೆ ತಡರಾತ್ರಿಯಲ್ಲಿ ಜಾಗ ಹೆಚ್ಚಿತು. ಆಟಿಕೆ ಕಂಪನಿಯನ್ನು ನೆಚ್ಚುವ ಬದಲು, ಸಂಗೀತ, ವಿಡಿಯೊ, ಪ್ರಕಾಶನ ಸಂಸ್ಥೆಗಳು ಕೂಡಿ ಬಂಡವಾಳ ಹೂಡುವ 'ಪ್ರೊಡಕ್ಷನ್ ಕಮಿಟಿ' ಪದ್ಧತಿ ಆಮೇಲಿನ ವರ್ಷಗಳಲ್ಲಿ ಸಾಮಾನ್ಯವಾಯಿತು. ಈ ಪದ್ಧತಿ ಬಂದ ಮೇಲೆ ಉದ್ಯಮಕ್ಕೆ ಒಂದು ಪ್ರಶ್ನೆ ಉಳಿಯಿತು: ನಿರಾಶೆ ತರುವ ಕೊನೆಯನ್ನು ಮೊದಲೇ ತಪ್ಪಿಸುವುದು ಹೇಗೆ?

ಒಂದು ಉತ್ತರ, ಈಗಾಗಲೇ ಗೆದ್ದಿರುವ ಮಾಂಗಾ ಕತೆಯನ್ನು ತೆಗೆದುಕೊಳ್ಳುವುದು. ಹಿರೊಮು ಅರಾಕಾವಾ ಅವರ 'ಫುಲ್‌ಮೆಟಲ್ ಆಲ್ಕೆಮಿಸ್ಟ್' 2001ರಿಂದ ಮಾಸಪತ್ರಿಕೆಯಲ್ಲಿ ಬರುತ್ತಿದ್ದ ರಸವಿದ್ಯೆಯ ಕಲ್ಪಿತ ಲೋಕ. ಸತ್ತ ತಾಯಿಯನ್ನು ಬದುಕಿಸಲು ಹೋಗಿ ಒಬ್ಬ ಕೈಕಾಲನ್ನೂ ಇನ್ನೊಬ್ಬ ಇಡೀ ದೇಹವನ್ನೂ ಕಳೆದುಕೊಂಡ ಅಣ್ಣತಮ್ಮಂದಿರ ಕತೆ. ಬೋನ್ಸ್ ಸ್ಟುಡಿಯೊ 2003ರ ಅಕ್ಟೋಬರ್‌ನಲ್ಲಿ ಅದನ್ನು ಟಿವಿಗೆ ತಂದಿತು. ಮಾಸಪತ್ರಿಕೆ ತಿಂಗಳಿಗೊಮ್ಮೆ, ಟಿವಿ ವಾರಕ್ಕೊಮ್ಮೆ. ಅನಿಮೆ ಮೂಲವನ್ನು ದಾಟಿ ಓಡಿತು, ತನ್ನದೇ ಅಂತ್ಯ ಕಟ್ಟಿಕೊಂಡಿತು. 51ನೆಯ ಕಂತಿನ ಕೊನೆಯಲ್ಲಿ ಅಣ್ಣ ಎಡ್ವರ್ಡ್ ನಮ್ಮ ಲೋಕದ ಜರ್ಮನಿಗೆ ಬಂದು ಬೀಳುತ್ತಾನೆ, ತಮ್ಮ ಆಚೆಯ ಲೋಕದಲ್ಲೇ ಉಳಿಯುತ್ತಾನೆ. ಇದನ್ನು ಮೆಚ್ಚಿದವರು ಇದ್ದಾರೆ. ಆದರೆ ಅಣ್ಣತಮ್ಮಂದಿರನ್ನು ಒಂದುಗೂಡಿಸಲು 2005ರಲ್ಲಿ ಮತ್ತೆ ಸಿನಿಮಾವೇ ಬೇಕಾಯಿತು. 2009ರಲ್ಲಿ ಅದೇ ಸ್ಟುಡಿಯೊ ಇಡೀ ಕತೆಯನ್ನು ಮೊದಲಿನಿಂದ, ಈ ಸಲ ಮಾಂಗಾದ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟು ಮಾಡಿತು. ಮಾಂಗಾದ ಕೊನೆಯ ಅಧ್ಯಾಯ 2010ರ ಜೂನ್‌ನಲ್ಲಿ ಬಂದರೆ, ಅನಿಮೆಯ 64ನೆಯ ಕಂತು ಜುಲೈ 4ಕ್ಕೆ ಬಂತು. ಕೊನೆ ತೃಪ್ತಿ ಕೊಟ್ಟಿತು.

ಹಾಗಾದರೆ ಮೂಲ ಮುಗಿಯುವವರೆಗೆ ಕಾದು, ನಿಷ್ಠೆಯಿಂದ ಮಾಡಿದರೆ ಸಾಕೇ? ಹಜಿಮೆ ಇಸಾಯಾಮಾ ಅವರ 'ಅಟ್ಯಾಕ್ ಆನ್ ಟೈಟನ್' ಈ ನಂಬಿಕೆಯನ್ನೂ ಅಲುಗಿಸಿತು. ಗೋಡೆಗಳೊಳಗೆ ಬದುಕುವ ಮನುಷ್ಯರು, ಅವರನ್ನು ತಿನ್ನುವ ದೈತ್ಯರು: 2009ರಲ್ಲಿ ಶುರುವಾದ ಈ ಮಾಂಗಾ 139 ಅಧ್ಯಾಯ ನಡೆದು 2021ರ ಏಪ್ರಿಲ್‌ನಲ್ಲಿ ಮುಗಿಯಿತು. ಕತ್ತರಿಸುವ ಪ್ರಾಯೋಜಕರಿರಲಿಲ್ಲ, ಕತೆಗಾರ ತಾನೇ ಮುಗಿಸಿದ. ಆದರೂ ಓದುಗರಲ್ಲಿ ದೊಡ್ಡ ಭಾಗಕ್ಕೆ ಕೊನೆ ರುಚಿಸಲಿಲ್ಲ. ಮುಖ್ಯವಾಗಿ, ಲೋಕದ ಬಹುಪಾಲನ್ನು ತುಳಿದು ಕೊಂದ ನಾಯಕನೊಡನೆ ಅವನ ಗೆಳೆಯ ಆಡುವ ಕೊನೆಯ ಮಾತುಗಳು ಆ ಕೊಲೆಗೆ ಕೃತಜ್ಞತೆಯಂತೆ ಕೇಳಿಸಿದವು. 2013ರಲ್ಲಿ ಆರಂಭವಾದ ಅನಿಮೆಯ ಕೊನೆಯ ಕಂತು, ಒಂದು ಗಂಟೆಗೂ ದೀರ್ಘವಾದದ್ದು, 2023ರ ನವೆಂಬರ್‌ನಲ್ಲಿ ಪ್ರಸಾರವಾದಾಗ ಆ ಸಂಭಾಷಣೆ ಬದಲಾಗಿತ್ತು. ತಿದ್ದಿದವರು ಸ್ವತಃ ಇಸಾಯಾಮಾ. ಗೆಳೆಯ ಈಗ ಪಾಪದಲ್ಲಿ ತಾನೂ ಪಾಲುದಾರ ಎನ್ನುತ್ತಾನೆ. ಅನಿಮೆ ಮಾಂಗಾಕ್ಕೆ ಎರಡನೆಯ ಕರಡಾಯಿತು. ಕೆಲವರ ಸಿಟ್ಟು ಇಳಿಯಿತು, ಕೆಲವರದ್ದು ಇಳಿಯಲಿಲ್ಲ.

ಇವನ್ನೆಲ್ಲ ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪ್ರಾಯೋಜಕರು ಕತ್ತರಿಸಿದ್ದಕ್ಕೆ ಸಿನಿಮಾ ಮದ್ದಾಯಿತು, ಮೂಲ ಸಾಲದ್ದಕ್ಕೆ ಮರುನಿರ್ಮಾಣ ಮದ್ದಾಯಿತು, ಎಡವಿದ ಮಾತಿಗೆ ತಿದ್ದುಪಡಿ ಮದ್ದಾಯಿತು. ಪ್ರತಿ ಪೀಳಿಗೆಯೂ ತನ್ನ ಹಿಂದಿನ ನಿರಾಶೆಯ ಕಾರಣವನ್ನು ಕಂಡುಹಿಡಿದು ನಿವಾರಿಸಿತು. ನಿರಾಶೆ ಮಾತ್ರ ಹೊಸ ಬಾಗಿಲಿನಿಂದ ಮತ್ತೆ ಬಂತು. ಹತ್ತು ವರ್ಷ ಒಂದು ಕತೆಯೊಡನೆ ಬದುಕಿದವರು ತಮ್ಮ ಮನಸ್ಸಿನಲ್ಲಿ ಒಂದೊಂದು ಅಂತ್ಯ ಕಟ್ಟಿಕೊಂಡಿರುತ್ತಾರೆ. ತೆರೆಯ ಮೇಲೆ ಬರುವುದು ಅವುಗಳಲ್ಲಿ ಒಂದೇ.

ಹಾಗೆಂದು ಮಾಡಿದವರ ಹೊಣೆ ಮುಗಿಯುವುದಿಲ್ಲ, ನೋಡುಗರ ಹೊಣೆಯೂ ಮುಗಿಯುವುದಿಲ್ಲ. 2021ರ ಮಾರ್ಚ್‌ನಲ್ಲಿ ಎನ್‌ಎಚ್‌ಕೆ ಪ್ರಸಾರ ಮಾಡಿದ ಸಾಕ್ಷ್ಯಚಿತ್ರದಲ್ಲಿ ಅನ್ನೊ ಹಳೆಯ ದಿನಗಳ ಬಗ್ಗೆ ಮಾತನಾಡುತ್ತಾರೆ. ತನ್ನನ್ನು ಹೇಗೆ ಕೊಲ್ಲಬೇಕೆಂದು ಅಂತರ್ಜಾಲದಲ್ಲಿ ಜನ ಚರ್ಚಿಸುತ್ತಿದ್ದದ್ದನ್ನು ಕಂಡು ಅನಿಮೆ ಮಾಡುವ ಆಸೆಯೇ ಹೋಯಿತು, ಸಾಯುವ ಯೋಚನೆ ಬಂದಿತ್ತು ಎಂದು ಹೇಳುತ್ತಾರೆ. ಒಂದು ಕಾರ್ಟೂನಿನ ಕೊನೆ ಸರಿಯಿರಲಿಲ್ಲ ಎಂಬ ದೂರು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕಾದವನಿಗೆ ಬೇಸರಪಡುವ ಹಕ್ಕಿದೆ, ಬೈಯುವ ಹಕ್ಕೂ ಇದೆ. ಸಾಲ ತೀರಿಸದವನ ಪ್ರಾಣ ಕೇಳುವ ಹಕ್ಕು ಮಾತ್ರ ಯಾವ ಲೇವಾದೇವಿಯಲ್ಲೂ ಇಲ್ಲ.

ಅನ್ನೊ 2006ರಲ್ಲಿ ಖಾರಾ ಎಂಬ ಸ್ವಂತ ಸ್ಟುಡಿಯೊ ಕಟ್ಟಿ ಅದೇ ಕತೆಯನ್ನು ನಾಲ್ಕು ಸಿನಿಮಾಗಳಾಗಿ ಮತ್ತೆ ಹೇಳಿದರು: 2007, 2009, 2012 ಮತ್ತು 2021. ಕೋವಿಡ್‌ನಿಂದ ಎರಡು ಸಲ ಮುಂದೆ ಹೋದ ಕೊನೆಯ ಸಿನಿಮಾ 2021ರ ಮಾರ್ಚ್ 8ರಂದು ಬಿಡುಗಡೆಯಾಗಿ, ಜಪಾನಿನಲ್ಲಿ 1,000 ಕೋಟಿ ಯೆನ್‌ಗೂ ಮೀರಿ ಗಳಿಸಿತು. ಈ ಸಲ ಅವರ ಬಳಿ ಸಮಯವಿತ್ತು, ಹಣವಿತ್ತು, ವಾರದ ಗಡುವಿನ ಕತ್ತಿ ಇರಲಿಲ್ಲ. ಆದರೂ ಕೊನೆಯ ಭಾಗದಲ್ಲಿ ಯುದ್ಧದ ನಗರ ಸ್ಟುಡಿಯೊದ ಸೆಟ್ ಎಂದು ಬಯಲಾಗುತ್ತದೆ. ಅಪ್ಪ ಮಗ ಕೂತು ಮಾತನಾಡುತ್ತಾರೆ. ಪಾತ್ರಗಳು ಒಬ್ಬೊಬ್ಬರಾಗಿ ಬೀಳ್ಕೊಳ್ಳುತ್ತಾರೆ. ಕಡಲ ದಡದಲ್ಲಿ ಒಬ್ಬನೇ ಕೂತ ಶಿಂಜಿಯ ಸುತ್ತ ಬಣ್ಣ ಕಳಚಿ, ಪೆನ್ಸಿಲ್ ಗೆರೆಗಳಷ್ಟೇ ಉಳಿಯುತ್ತವೆ.

1996ರಲ್ಲಿ ಜನ ಬೈದದ್ದು ಇದೇ ಗೆರೆಗಳನ್ನು. ಅಂದು ಅವು ಸಮಯ ಸಾಲದೆ ಬಂದವು, ಇಂದು ಬೇಕೆಂದೇ ಬಂದವು. ಅಂದು ಅವುಗಳ ಹಿಂದೆ ಕತೆ ಕಾಣೆಯಾಗಿತ್ತು. ಇಂದು ಕತೆಯ ಋಣವೆಲ್ಲ ತೀರಿದ ಮೇಲೆ ಅವು ಬಂದವು, ಆದ್ದರಿಂದ ಥಿಯೇಟರಿನಲ್ಲಿ ಯಾರಿಗೂ ಮೋಸ ಹೋದಂತೆ ಅನಿಸಲಿಲ್ಲ. ಹೇಳಿದ್ದು ಹೆಚ್ಚುಕಡಿಮೆ ಅದೇ ಮಾತು: ಇದು ಬರೆದ ಚಿತ್ರ, ಇನ್ನು ಎದ್ದು ಹೊರಗೆ ಹೋಗು. ಆ ಮಾತಿಗೆ ಜಾಗ ಸಿಗಲು 25 ವರ್ಷ ಹಿಡಿಯಿತು. ಸಿನಿಮಾದ ಕಟ್ಟಕಡೆಗೆ ಅನಿಮೇಷನ್ ಮುಗಿದು ಕ್ಯಾಮೆರಾ ನಿಜವಾದ ಒಂದು ಊರಿನ ಮೇಲೆ ಮೇಲಕ್ಕೇರುತ್ತದೆ. ರೈಲು ನಿಲ್ದಾಣ, ರಸ್ತೆ, ಕಾರ್ಖಾನೆಗಳ ಚಿಮಣಿ, ಆಚೆ ಕಡಲು. ಅದು ಉಬೆ, ಅನ್ನೊ ಹುಟ್ಟಿದ ಊರು.